ತರಗತಿಯೊಳಗಿನ ಸಂಶೋಧನೆ: ಶಿಕ್ಷಕರು ಶುರು ಮಾಡುವುದು ಹೇಗೆ?

ಡಿ.ಇಡಿ, ಬಿ.ಇಡಿ ಮಾಡಿದವರಿಗೆ ಕ್ರಿಯಾ ಸಂಶೋಧನೆ (ಶಿಕ್ಷಕರು ತಮ್ಮದೇ ತರಗತಿಯ ಸಮಸ್ಯೆಯ ಮೇಲೆ ಮಾಡುವ ಸಂಶೋಧನೆ) ಅಂದ ತಕ್ಷಣ ಸ್ಪೈರಲ್ ಬೈಂಡಿಂಗ್ ನೆನಪಾಗುತ್ತದೆ. ಹಿಂದಿನ ಬ್ಯಾಚಿನವರ ಫೈಲು ತಂದು, ಊರಿನ ಹೆಸರು, ಶಾಲೆಯ ಹೆಸರು ಬದಲಾಯಿಸಿ ಬರೆದ ‘ಸಮಸ್ಯೆಯ ಹಿನ್ನೆಲೆ’, ಕೊನೆಗೆ ಸ್ಕೆಚ್ ಪೆನ್ನಿನ ಬಾರ್ ಗ್ರಾಫು. ಪೂರ್ವ ಪರೀಕ್ಷೆಯಲ್ಲಿ ಎಲ್ಲ ಮಕ್ಕಳಿಗೂ ಕಡಿಮೆ ಅಂಕ, ಆಮೇಲಿನ ಪರೀಕ್ಷೆಯಲ್ಲಿ ಎಲ್ಲರಿಗೂ ಜಾಸ್ತಿ. ಒಬ್ಬ ಹುಡುಗನೂ ಹಿಂದೆ ಬಿದ್ದಿರುವುದಿಲ್ಲ! ಅಂಥ ತರಗತಿಯನ್ನು ಯಾರಾದರೂ ನೋಡಿದ್ದೀರಾ?

ಈ ಲೇಖನ ಆ ಫೈಲಿನ ಬಗ್ಗೆ ಅಲ್ಲ. ಬೆಂಗಳೂರಿನ ಒಂದು ಸಾಮಾನ್ಯ ಸರ್ಕಾರಿ ಶಾಲೆಯಲ್ಲೋ, ಅನುದಾನಿತ ಶಾಲೆಯಲ್ಲೋ, ಬಡಾವಣೆಯ ಚಿಕ್ಕ ಖಾಸಗಿ ಶಾಲೆಯಲ್ಲೋ ಪಾಠ ಮಾಡುವವರು, ಇರುವ ಪೀರಿಯಡ್‌ನಲ್ಲೇ, ಇರುವ ಮಕ್ಕಳ ಜೊತೆಗೇ, ತಮ್ಮ ಪಾಠವನ್ನು ತಾವೇ ಪರೀಕ್ಷೆ ಮಾಡಿಕೊಳ್ಳುವುದು ಹೇಗೆ ಅಂತ ಹೇಳುವುದು ಇದರ ಕೆಲಸ.

ಇದು ಹೊಸ ವಿಚಾರವೇನಲ್ಲ. ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ 1946ರಲ್ಲಿ ಬರೆದ ಲೇಖನದಿಂದ ‘ಕ್ರಿಯಾ ಸಂಶೋಧನೆ’ ಎಂಬ ಹೆಸರು ಹರಡಿತು. 1953ರಲ್ಲಿ ಅಮೆರಿಕದ ಸ್ಟೀಫನ್ ಕೋರಿ ಅದನ್ನು ಶಾಲೆಗಳಿಗೆ ತಂದರು. 1970ರ ದಶಕದಲ್ಲಿ ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್, ಪಠ್ಯಕ್ರಮ ಸುಧಾರಿಸಬೇಕಾದರೆ ಪಾಠ ಮಾಡುವವರೇ ತಮ್ಮ ಪಾಠವನ್ನು ಅಧ್ಯಯನ ಮಾಡಬೇಕು ಅಂತ ವಾದಿಸಿದರು. ಇತಿಹಾಸ ಇಷ್ಟು ಗೊತ್ತಿದ್ದರೆ ಸಾಕು.

ಮೊದಲು: ಕಿರಿಕಿರಿಯನ್ನು ಪ್ರಶ್ನೆ ಮಾಡಿಕೊಳ್ಳಿ

ಸ್ಟಾಫ್ ರೂಮಿನಲ್ಲಿ ನಾವು ದಿನಾ ಆಡುವ ಮಾತುಗಳಲ್ಲೇ ಪ್ರಶ್ನೆ ಇರುತ್ತದೆ. ‘ನಾಲ್ಕನೇ ಕ್ಲಾಸಿಗೆ ಬಂದ್ರೂ ಕಳೆಯೋ ಲೆಕ್ಕ ಬರಲ್ಲ.’ ‘ಸೋಮವಾರ ಅರ್ಧ ಕ್ಲಾಸ್ ಖಾಲಿ.’ ‘ಪ್ರಶ್ನೆ ಕೇಳಿದ್ರೆ ಅದೇ ನಾಲ್ಕು ಮಕ್ಕಳು ಕೈ ಎತ್ತುತ್ತವೆ.’ ‘ಮನೇಲಿ ತಮಿಳು, ಬೀದೀಲಿ ಉರ್ದು, ಇಲ್ಲಿ ಕನ್ನಡ, ಏನ್ ಮಾಡೋದು ಹೇಳಿ ಮೇಡಂ.’

ಕಷ್ಟ ಏನೆಂದರೆ, ಈ ಮಾತುಗಳೆಲ್ಲ ಮಕ್ಕಳ ಬಗ್ಗೆ, ಅಪ್ಪ ಅಮ್ಮನ ಬಗ್ಗೆ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಅಪ್ಪ ಸೆಂಟ್ರಿಂಗ್ ಕೆಲಸ, ಮನೆಯಲ್ಲಿ ಹೇಳಿಕೊಡುವವರಿಲ್ಲ. ನಿಜವೇ. ಆದರೆ ಅದರ ಮೇಲೆ ಸಂಶೋಧನೆ ಮಾಡಿ ನೀವು ನಾಳೆ ಏನನ್ನು ಬದಲಾಯಿಸುತ್ತೀರಿ? ಏನೂ ಇಲ್ಲ. ‘ಪೋಷಕರು ಅನಕ್ಷರಸ್ಥರು’ ಎಂದು ಬರೆದ ವರದಿಗಳು ಬೇಕಾದಷ್ಟಿವೆ, ಅದರಿಂದ ಒಂದು ಮಗುವಿಗೂ ಒಂದು ಲೆಕ್ಕ ಬಂದಿಲ್ಲ.

ಹಾಗಾಗಿ ಪ್ರಶ್ನೆಯಲ್ಲಿ ‘ನಾನು’ ಇರಬೇಕು. ‘ನಾನು ಕಳೆಯುವುದನ್ನು ಹೇಳಿಕೊಡುವ ರೀತಿಯಲ್ಲಿ ಮಕ್ಕಳು ಎಲ್ಲಿ ಎಡವುತ್ತಿದ್ದಾರೆ?’ ‘ಪ್ರಶ್ನೆ ಕೇಳಿದ ಮೇಲೆ ನಾನು ಎಷ್ಟು ಹೊತ್ತು ಕಾಯುತ್ತೇನೆ?’ ‘ಶನಿವಾರ ನಾನು ಪಾಠ ಮುಗಿಸುವ ರೀತಿಗೂ ಸೋಮವಾರದ ಹಾಜರಿಗೂ ಏನಾದರೂ ನಂಟಿದೆಯಾ?’ ಹೀಗೆ.

ಇನ್ನೆರಡು ಷರತ್ತುಗಳಿವೆ. ಒಂದು, ಯಾರ ಆದೇಶಕ್ಕೂ ಕಾಯದೆ ನೀವೇ ಬದಲಾಯಿಸಬಹುದಾದ ವಿಷಯ ಆಗಿರಬೇಕು. 2019-20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾಯಿತು. ಅದು ಸರಿಯೋ ತಪ್ಪೋ ಎನ್ನುವುದು ನಿಮ್ಮ ಸಂಶೋಧನೆಯ ಪ್ರಶ್ನೆ ಅಲ್ಲ, ಎಷ್ಟು ಬೇಕಾದರೂ ಜಗಳ ಆಡಬಹುದು, ಆದರೆ ಬೇರೆ ಕಡೆ. ಆ ವಿಭಾಗದಲ್ಲಿ ವಿಜ್ಞಾನ ಹೇಳುವಾಗ ಮೊದಲು ಕನ್ನಡದಲ್ಲಿ ಮಾತಾಡಿಸಿ ಆಮೇಲೆ ಇಂಗ್ಲಿಷ್ ಪದ ಕೊಟ್ಟರೆ ಮಕ್ಕಳ ಉತ್ತರ ಹೇಗಿರುತ್ತದೆ ಎನ್ನುವುದು ನಿಮ್ಮ ಪ್ರಶ್ನೆ ಆಗಬಹುದು. ಎರಡು, ಆರರಿಂದ ಎಂಟು ವಾರದೊಳಗೆ ಏನಾದರೂ ಕಣ್ಣಿಗೆ ಕಾಣಬೇಕು. ‘ಓದುವ ಆಸಕ್ತಿ’ ಅಷ್ಟು ಬೇಗ ಕಾಣುವುದಿಲ್ಲ. ಶಾಲೆಯ ಪುಸ್ತಕದ ಮೂಲೆಯಿಂದ ಮಕ್ಕಳು ತಾವಾಗಿ ಎತ್ತಿಕೊಂಡ ಪುಸ್ತಕಗಳ ಲೆಕ್ಕ ಕಾಣುತ್ತದೆ.

ಬದಲಾಯಿಸುವ ಮುಂಚೆ ನೋಡಿ

ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲಿ ಕೊಡಿ. ನಮಗೆಲ್ಲ ಪರಿಹಾರದ ಆತುರ. ಚಾರ್ಟು, ಹಾಡು, ಆಟ ಎಲ್ಲ ರೆಡಿ. ಆದರೆ ಮಗು ತಪ್ಪು ಮಾಡುತ್ತಿರುವುದು ಏಕೆ ಅಂತಲೇ ಗೊತ್ತಿಲ್ಲದಿದ್ದರೆ ಆ ಚಾರ್ಟು ಯಾತಕ್ಕೆ?

ಕಳೆಯುವ ಲೆಕ್ಕವನ್ನೇ ತೆಗೆದುಕೊಳ್ಳೋಣ. ನಾಲ್ಕನೇ ತರಗತಿ, ದಶಕ ಸಹಿತ ವ್ಯವಕಲನ, ಅಂದರೆ ಹತ್ತರ ಮನೆಯಿಂದ ಒಂದು ಹತ್ತನ್ನು ಬಿಡಿಗೆ ತಂದು ಕಳೆಯುವುದು. ಬೋರ್ಡಿನ ಮೇಲೆ 52 − 27 ಬರೆದು ಕೊಟ್ಟಿರಿ ಅಂದುಕೊಳ್ಳಿ. ಸರಿ ಉತ್ತರ 25. ಎಂಟು ಹತ್ತು ಮಕ್ಕಳು 35 ಬರೆದರು. ನೀವು ಕೆಂಪು ಇಂಕಿನಲ್ಲಿ ತಪ್ಪು ಹಾಕಿದಿರಿ. ಮುಗಿಯಿತಾ? ಈ 35 ಎರಡು ದಾರಿಯಲ್ಲಿ ಬರುತ್ತದೆ. ಕೆಲವರು ಬಿಡಿ ಸ್ಥಾನದಲ್ಲಿ 7ರಲ್ಲಿ 2 ಕಳೆದಿದ್ದಾರೆ, ಅಂದರೆ ಮೇಲೆ ಕೆಳಗೆ ನೋಡದೆ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾರೆ. ಇನ್ನು ಕೆಲವರು 12ರಲ್ಲಿ 7 ಸರಿಯಾಗಿಯೇ ಕಳೆದು, ಹತ್ತರ ಮನೆಯಲ್ಲಿ 5 ಅನ್ನು 4 ಮಾಡುವುದು ಮರೆತಿದ್ದಾರೆ. ಉತ್ತರ ಒಂದೇ, ಕಾಯಿಲೆ ಎರಡು. ಮೊದಲನೆಯವರಿಗೆ ಹತ್ತು ಮತ್ತು ಬಿಡಿಯ ಅರ್ಥವೇ ಆಗಿಲ್ಲ. ಎರಡನೆಯವರಿಗೆ ಅರ್ಥ ಆಗಿದೆ, ಒಂದು ಹೆಜ್ಜೆ ತಪ್ಪಿದೆ.

ಈಗ ಅದೇ ಲೆಕ್ಕವನ್ನು 53 − 27 ಮಾಡಿ ನೋಡಿ. ದೊಡ್ಡದರಿಂದ ಚಿಕ್ಕದು ಕಳೆದವರಿಗೆ 34 ಬರುತ್ತದೆ. ಹತ್ತನ್ನು ಕಡಿಮೆ ಮಾಡಲು ಮರೆತವರಿಗೆ 36 ಬರುತ್ತದೆ. ಕೂಡಿದವರಿಗೆ 80. ಸರಿ ಉತ್ತರ 26. ಉತ್ತರ ನೋಡಿದ ಕೂಡಲೇ ಯಾರಿಗೆ ಏನಾಗಿದೆ ಎಂದು ಗೊತ್ತಾಗುತ್ತದೆ. ಬಿಡಿ ಸ್ಥಾನದ ಎರಡು ಅಂಕಿಗಳ ವ್ಯತ್ಯಾಸ 5 ಇದ್ದರೆ ಮಾತ್ರ ಈ ಎರಡು ತಪ್ಪುಗಳೂ ಒಂದೇ ಥರ ಕಾಣುತ್ತವೆ, ಹಾಗಾಗಿ ಅಂಥ ಲೆಕ್ಕ ಬೇಡ. ತಪ್ಪು ಉತ್ತರವೂ ಮಾತಾಡುವಂಥ ಪ್ರಶ್ನೆ ಆರಿಸುವುದು ಇಲ್ಲಿರುವ ನಿಜವಾದ ಕೆಲಸ. ಅದಕ್ಕೆ ಅರ್ಧ ಗಂಟೆ ಕೂತು ಯೋಚನೆ ಮಾಡಿದರೂ ನಷ್ಟ ಇಲ್ಲ.

ಆಮೇಲೆ ಪ್ರತಿ ಗುಂಪಿನಿಂದ ಇಬ್ಬರನ್ನು ಪಕ್ಕಕ್ಕೆ ಕರೆದು ಕೇಳಿ. ‘ಇದನ್ನ ಹೇಗೆ ಮಾಡಿದೆ ಪುಟ್ಟ, ಹೇಳು ನೋಡೋಣ.’ ಇಲ್ಲಿ ಒಂದೇ ನಿಯಮ, ತಿದ್ದಬಾರದು. ಮಗು ತಪ್ಪು ಹೇಳುತ್ತಿರುವಾಗ ಬಾಯಿ ಮುಚ್ಚಿಕೊಂಡು ಕೇಳುವುದು ನಮ್ಮ ವೃತ್ತಿಯವರಿಗೆ ಎಷ್ಟು ಕಷ್ಟ ಅಂತ ನಿಮಗೇ ಗೊತ್ತು, ‘ಹಾಗಲ್ಲ ಕಣೋ’ ಅನ್ನುವುದು ನಾಲಿಗೆ ತುದಿಗೆ ಬಂದುಬಿಟ್ಟಿರುತ್ತದೆ. ತಡೆದುಕೊಳ್ಳಿ. ‘ಆಮೇಲೆ?’ ಅನ್ನಿ ಸಾಕು.

ಆಗ ಒಂದು ಮಗು ಹೀಗೆ ಹೇಳಬಹುದು: ‘ಮಿಸ್, ಚಿಕ್ಕದರಲ್ಲಿ ದೊಡ್ಡದು ಹೋಗಲ್ಲ ಅಲ್ವಾ, ಅದಕ್ಕೆ ಏಳರಲ್ಲಿ ಮೂರು ಕಳೆದೆ.’ ಈ ವಾಕ್ಯ ಮಗುವಿನದಲ್ಲ, ನಮ್ಮದು. ಒಂದನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟಿದ್ದು. ಆಗ ಕೆಲಸ ನಡೆಯಿತು, ಈಗ ಅದೇ ಅಡ್ಡ ಬಂದಿದೆ. ಮಗು ದಡ್ಡ ಅಲ್ಲ, ಕೇಳಿಸಿಕೊಂಡ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ.

ಕನ್ನಡ ಓದಿಗೂ ಇದೇ ದಾರಿ. ‘ಪ್ರಥಮ್’ ಸಂಸ್ಥೆಯವರು 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಯ ಓದಿನ ಹಾಳೆ ಕನ್ನಡದಲ್ಲೂ ಇದೆ. ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ, ಅಷ್ಟೇ ಅದರಲ್ಲಿರುವುದು. ಮಗು ಯಾವ ಹಂತದಲ್ಲಿ ನಿಲ್ಲುತ್ತದೆ ಎಂದು ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಒಂದು ಎಚ್ಚರ: ‘ಹಕ್ಕಿ’ಯನ್ನು ‘ಅಕ್ಕಿ’ ಅಂತ ಓದಿದ ಮಗುವನ್ನು ಅಕ್ಷರ ಬಾರದ ಮಗುವಿನ ಪಟ್ಟಿಗೆ ಸೇರಿಸಬೇಡಿ. ಹಕಾರ ಬಿಡುವುದು ಮನೆಮಾತಿನ ರೂಢಿ ಇರಬಹುದು. ಅರ್ಥ ಕೇಳಿ, ‘ಹಾರತ್ತಲ್ಲ ಮಿಸ್, ಅದು’ ಅಂದರೆ ಓದು ಬಂದಿದೆ.

ಹೊಸದಾಗಿ ಪರೀಕ್ಷೆ ಮಾಡಲೇಬೇಕು ಅಂತೇನಿಲ್ಲ. ಜೂನ್‌ನಲ್ಲಿ ಸೇತುಬಂಧದ (ಹಿಂದಿನ ತರಗತಿಯ ಪಾಠ ನೆನಪಿಸುವ ವರ್ಷಾರಂಭದ ಕಾರ್ಯಕ್ರಮದ) ಪೂರ್ವ ಪರೀಕ್ಷೆ ಮಾಡಿರುತ್ತೀರಲ್ಲ, ಆ ಹಾಳೆಗಳನ್ನು ಅಂಕ ನಮೂದಿಸಿದ ಮೇಲೆ ಕಟ್ಟಿ ಬೀರುವಿನ ಮೇಲೆ ಇಡಬೇಡಿ, ಇಳಿಸಿ ಮತ್ತೆ ಓದಿ. ಅಂಕ ಬಿಡಿ, ತಪ್ಪುಗಳನ್ನು ಓದಿ.

ಒಂದೇ ಒಂದನ್ನು ಬದಲಾಯಿಸಿ

ಕಡ್ಡಿ ಕಟ್ಟು, ವರ್ಕ್‌ಶೀಟ್, ಗುಂಪು ಕೆಲಸ, ಯೂಟ್ಯೂಬ್ ವಿಡಿಯೊ ಎಲ್ಲ ಒಟ್ಟಿಗೆ ಶುರು ಮಾಡಿದರೆ ಮಕ್ಕಳಿಗೆ ಖುಷಿ, ಆದರೆ ಯಾವುದರಿಂದ ಏನಾಯಿತು ಅಂತ ನಿಮಗೆ ಕೊನೆಗೂ ಗೊತ್ತಾಗುವುದಿಲ್ಲ. ಒಂದನ್ನು ಆರಿಸಿ.

ನಮ್ಮ ಉದಾಹರಣೆಯಲ್ಲಿ, ಸೂತ್ರ ಹೇಳುವ ಬದಲು ಹತ್ತರ ಕಟ್ಟನ್ನು ಬಿಚ್ಚಿ ಬಿಡಿ ಮಾಡುವುದನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದು. ರಬ್ಬರ್ ಬ್ಯಾಂಡ್, ಪೊರಕೆ ಕಡ್ಡಿ ಸಾಕು. ಅಕ್ಷರ ಫೌಂಡೇಶನ್‌ನವರ ಗಣಿತ ಕಲಿಕಾ ಆಂದೋಲನದ ಕಿಟ್ ನಾಲ್ಕು ಐದನೇ ತರಗತಿಗೆ ಅಂತ ಎಷ್ಟೋ ಸರ್ಕಾರಿ ಶಾಲೆಗಳಿಗೆ ಬಂದಿದೆ. ನಿಮ್ಮಲ್ಲೂ ಇದ್ದರೆ ಬೀರು ತೆಗೆದು ಹೊರಗಿಡಿ, ಸಾಮಾನು ಕಳೆದುಹೋಗುತ್ತದೆ ಎಂದು ಬೀಗ ಹಾಕಿದ್ದು ಸಾಕು. ಹತ್ತು ರೂಪಾಯಿ ನೋಟು, ಒಂದು ರೂಪಾಯಿ ನಾಣ್ಯದ ಚಿಲ್ಲರೆ ಆಟವೂ ಆಗುತ್ತದೆ. ಆದರೆ ಈಗಿನ ಬೆಂಗಳೂರಿನ ಮಕ್ಕಳು ಅಂಗಡಿಯಲ್ಲಿ ಸ್ಕ್ಯಾನ್ ಮಾಡುವುದನ್ನೇ ಜಾಸ್ತಿ ನೋಡಿರುತ್ತಾರೆ, ಚಿಲ್ಲರೆ ಎಣಿಸಿದ ಅನುಭವ ಇದ್ದೇ ಇರುತ್ತದೆ ಅಂತ ನಂಬಿಕೊಳ್ಳಬೇಡಿ. ಮೊದಲು ಕೇಳಿ.

ಬದಲಾವಣೆ ವಸ್ತುವೇ ಆಗಬೇಕಿಲ್ಲ, ನಿಮ್ಮ ನಡವಳಿಕೆಯೂ ಆಗಬಹುದು. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡ್ ಅಥವಾ ಜಾಸ್ತಿ ಮಾಡಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಅನ್ನುವುದು ಕಡಿಮೆಯಾಯಿತು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಾಯಿತು. ಇದನ್ನು ನೀವು ನಾಳೆಯೇ ಪರೀಕ್ಷೆ ಮಾಡಬಹುದು, ಪೈಸೆ ಖರ್ಚಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ನಿಮ್ಮದೇ ಪಾಠದ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿ, ಮನೆಗೆ ಹೋಗುವಾಗ ಬಿಎಂಟಿಸಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿ. ಸ್ವಂತ ಧ್ವನಿ ಕೇಳುವುದು ಮುಜುಗರವೇ, ಆದರೂ ಕೇಳಿ. ಪ್ರಶ್ನೆ ಕೇಳಿ ನೀವೇ ಉತ್ತರ ಹೇಳಿಬಿಟ್ಟದ್ದು ಎಷ್ಟು ಸಲ, ಒಂದೇ ಹುಡುಗಿಯ ಹೆಸರು ಕರೆದದ್ದು ಎಷ್ಟು ಸಲ ಅಂತ ಗೀಟು ಹಾಕುತ್ತಾ ಹೋಗಿ.

ಯಾವಾಗ ಮಾಡುವುದು?

ಸೇತುಬಂಧ ಮುಗಿದ ಮೇಲೆ ಜುಲೈಯಿಂದ ದಸರಾ ರಜೆಯವರೆಗೆ ಒಂದು ಸುತ್ತು, ಇಲ್ಲವಾದರೆ ನವೆಂಬರ್‌ನಿಂದ ಜನವರಿ. ಫೆಬ್ರವರಿ ಮೇಲೆ ಶುರು ಮಾಡಬೇಡಿ, ಪರೀಕ್ಷೆಯ ಗಲಾಟೆಯಲ್ಲಿ ಯಾರಿಗೂ ತಾಳ್ಮೆ ಇರುವುದಿಲ್ಲ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಬಿಎಲ್‌ಒ (ಮತದಾರರ ಪಟ್ಟಿಯ) ಕೆಲಸ ನಡುವೆ ಬಂದೇ ಬರುತ್ತವೆ. 2025ರ ದಸರಾ ಸಮಯದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದ್ದು, ಅದಕ್ಕಾಗಿ ರಜೆಯನ್ನೇ ವಿಸ್ತರಿಸಿದ್ದು ನೆನಪಿದೆಯಲ್ಲ? ಹಾಗಾಗಿ ಎಂಟು ವಾರದ ಯೋಜನೆ ಹಾಕಿ, ಆರು ವಾರ ಸಿಕ್ಕರೂ ನಡೆಯುವ ಹಾಗೆ ಇಟ್ಟುಕೊಳ್ಳಿ.

ದಿನಕ್ಕೆ ಐದು ನಿಮಿಷ ಬರೆಯಿರಿ

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಪುಟದ ನಡುವೆ ಗೆರೆ ಎಳೆದು ಎಡಗಡೆ ಕಂಡದ್ದು, ಬಲಗಡೆ ನಿಮಗೆ ಅನಿಸಿದ್ದು. ‘ಮಕ್ಕಳು ಚೆನ್ನಾಗಿ ಭಾಗವಹಿಸಿದರು’ ಅನ್ನುವುದು ಎಡಗಡೆಗೆ ಬರುವ ಮಾತಲ್ಲ. ‘ಹಿಂದಿನ ಸಾಲಿನ ಮೂವರು ಕಟ್ಟು ಬಿಚ್ಚದೆ ಬೆರಳಲ್ಲಿ ಎಣಿಸಿದರು’ ಎಂದರೆ ಅದು ಕಂಡದ್ದು. ಎಲ್ಲರ ಬಗ್ಗೆ ಬರೆಯಲು ಹೋಗಬೇಡಿ, ಮೂರನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಐದಾರು ಮಕ್ಕಳನ್ನು ಆರಿಸಿ: ಚೆನ್ನಾಗಿ ಮಾಡುವವರು, ಮಾಡದವರು, ಮತ್ತು ಮುಖ್ಯವಾಗಿ ನಿಮ್ಮ ಕಣ್ಣಿಗೇ ಬೀಳದ ಮಕ್ಕಳು. ಗಲಾಟೆ ಮಾಡದೆ, ಅಂಕವನ್ನೂ ತೆಗೆಯದೆ ಮಧ್ಯದಲ್ಲಿ ಕೂರುವ ಆ ಮಕ್ಕಳು ಯಾರು ಅಂತ ಹಾಜರಿ ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಯಾವ ಹೆಸರು ಓದಿದಾಗ ನಿಮಗೆ ಮುಖ ತಕ್ಷಣ ನೆನಪಾಗುವುದಿಲ್ಲವೋ, ಅವರೇ.

ಪಕ್ಕದ ತರಗತಿಯ ಮೇಷ್ಟ್ರನ್ನು ಒಂದು ಪೀರಿಯಡ್ ಬಂದು ಕೂರಲು ಕೇಳಿ. ‘ನನ್ನ ಪಾಠ ಹೇಗಿದೆ ನೋಡಿ ಸಾರ್’ ಅಂದರೆ ‘ಚೆನ್ನಾಗಿತ್ತು ಮೇಡಂ’ ಅಂದು ಎದ್ದು ಹೋಗುತ್ತಾರೆ. ‘ನಾನು ಯಾರಿಗೆಲ್ಲ ಪ್ರಶ್ನೆ ಕೇಳಿದೆ ಅಂತ ಮಾತ್ರ ಬರೆದುಕೊಡಿ’ ಎಂದು ಒಂದೇ ಕೆಲಸ ಕೊಡಿ. ಇಬ್ಬರೇ ಶಿಕ್ಷಕರಿರುವ ಶಾಲೆಯಾದರೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದ ದಿನ ಅವರಿಗೇ ಈ ಕೆಲಸ ಹೇಳಿ. ರಿಜಿಸ್ಟರ್ ನೋಡುವುದಕ್ಕಿಂತ ಇದು ಅವರಿಗೂ ಇಷ್ಟವಾಗಬಹುದು.

ಮಕ್ಕಳ ಹೆಸರಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ನೋಟ್‌ಬುಕ್‌ನಲ್ಲಿ ಮ1, ಮ2 ಅಂತ ಸಂಕೇತ ಸಾಕು. ಮಗು ತಪ್ಪು ಓದುವ ವಿಡಿಯೊ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕುವ ಚಾಳಿ ಇದೆಯಲ್ಲ, ಅದು ಬೇಡವೇ ಬೇಡ. 2023ರ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿವರಗಳಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಇರಲಿ, ನಮ್ಮ ಮಗುವಿನ ವಿಡಿಯೊ ಹಾಗೆ ಹರಿದಾಡಿದರೆ ನಾವು ಸುಮ್ನೆ ಇರುತ್ತೇವಾ? ಎಚ್‌ಎಂಗೆ ಮೊದಲೇ ತಿಳಿಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎರಡು ಮಾತು ಹೇಳಿ. ಖಾಸಗಿ ಶಾಲೆಯಲ್ಲಿ ಮ್ಯಾನೇಜ್‌ಮೆಂಟ್‌ನವರು ‘ಇದೆಲ್ಲ ಯಾಕೆ, ಸಿಲಬಸ್ ಮುಗಿಸಿ’ ಎನ್ನಬಹುದು. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪಠ್ಯ ಮುಗಿಸಿ ಅಂತ ಹೇಳುವ ಜಾಗದಲ್ಲೇ ಪ್ರತಿ ಮಗುವಿನ ಕಲಿಕೆಯನ್ನು ಅಳೆದು, ಬೇಕಾದಷ್ಟು ಹೆಚ್ಚುವರಿ ಪಾಠ ಕೊಡಿ ಅಂತಲೂ ಹೇಳುತ್ತದೆ. ನೀವು ಮಾಡುತ್ತಿರುವುದು ಅದನ್ನೇ.

ಸಿಕ್ಕಿದ್ದನ್ನು ಓದುವುದು

ಆರು ವಾರ ಆದ ಮೇಲೆ ಅದೇ ಥರದ, ಬೇರೆ ಅಂಕಿಗಳ ಲೆಕ್ಕ ಕೊಡಿ. ಈಗ ಸರಾಸರಿ ತೆಗೆಯಬೇಡಿ. ಮೂವತ್ತು ಮಕ್ಕಳ ತರಗತಿಯಲ್ಲಿ ಸರಾಸರಿ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಬಿ.ಇಡಿ ನೆನಪಿನಲ್ಲಿ ಟಿ-ಪರೀಕ್ಷೆ ಎಂಬ ಸಂಖ್ಯಾಶಾಸ್ತ್ರದ ಲೆಕ್ಕ ಹಾಕಲು ಹೊರಟರೆ ಕೈ ಮುಗಿಯುತ್ತೇನೆ, ಬಿಡಿ. ಹೆಸರು ಹೆಸರಾಗಿ ನೋಡಿ. 34 ಬರೆಯುತ್ತಿದ್ದವರು ಈಗ ಏನು ಬರೆದಿದ್ದಾರೆ? ಕೆಲವರು ಸರಿ ಮಾಡಿರುತ್ತಾರೆ. ಕೆಲವರು 34ರಿಂದ 36ರ ಗುಂಪಿಗೆ ಬಂದಿರುತ್ತಾರೆ. ಅಂಕದ ಲೆಕ್ಕದಲ್ಲಿ ಅದು ಇನ್ನೂ ಸೊನ್ನೆಯೇ, ಆದರೆ ಮಗು ದೊಡ್ಡ ಹೆಜ್ಜೆ ಇಟ್ಟಿದೆ. ಮತ್ತೆ ಕೆಲವರು ಮೊದಲು ಸರಿ ಮಾಡುತ್ತಿದ್ದು ಈಗ ತಪ್ಪಿಸಿರುತ್ತಾರೆ. ಅವರನ್ನು ಬಿಟ್ಟುಬಿಡಬೇಡಿ, ಬಹಳ ಸಲ ವಿಷಯ ಇರುವುದು ಅಲ್ಲೇ.

ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ: ನಾನು ಮಾಡಿದ್ದರಿಂದಲೇ ಹೀಗಾಯಿತಾ? ಟ್ಯೂಷನ್‌ಗೆ ಸೇರಿರಬಹುದು. ನೀವು ಪಕ್ಕದಲ್ಲಿ ಕೂತು ಕೇಳಿದ್ದಕ್ಕೇ ಉತ್ಸಾಹ ಬಂದಿರಬಹುದು. ಸುಧಾರಿಸದ ಮಕ್ಕಳ ಹಾಜರಿ ನೋಡಿ. ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಮಗು ಊರ ಜಾತ್ರೆಗೆ ಹೋಗಿ ಎರಡು ವಾರ ಬಂದೇ ಇಲ್ಲ ಅಂದರೆ ನಿಮ್ಮ ಕಡ್ಡಿ ಕಟ್ಟು ಸೋತಿತು ಅಂತ ಅರ್ಥ ಅಲ್ಲ. ಶಾಲೆಯಲ್ಲಿ ಎರಡು ಸೆಕ್ಷನ್ ಇದ್ದರೆ ಒಂದರಲ್ಲಿ ಮೊದಲು ಶುರು ಮಾಡಿ, ಇನ್ನೊಂದರಲ್ಲಿ ಮೂರು ವಾರ ಬಿಟ್ಟು ಮಾಡಿ. ಯಾರಿಗೂ ಅನ್ಯಾಯ ಆಗುವುದಿಲ್ಲ, ಹೋಲಿಸಿ ನೋಡಲು ನಿಮಗೊಂದು ಆಧಾರವೂ ಸಿಗುತ್ತದೆ. ದಸರಾ ರಜೆ ಮುಗಿಸಿ ಬಂದ ವಾರ ಎರಡೇ ಎರಡು ಲೆಕ್ಕ ಮತ್ತೆ ಕೊಡಿ. ಆಗಲೂ ಉಳಿದಿದ್ದರೆ ಉಳಿಯಿತು.

ಒಬ್ಬರಿಂದ ಶಾಲೆಗೆ

ನಿಮ್ಮ ತರಗತಿ ಸುಧಾರಿಸಿದ ಮಾತ್ರಕ್ಕೆ ಶಾಲೆ ಸುಧಾರಿಸುವುದಿಲ್ಲ. ಮುಂದಿನ ವರ್ಷ ಮೂರನೇ ತರಗತಿಯಿಂದ ಅದೇ ‘ಚಿಕ್ಕದರಲ್ಲಿ ದೊಡ್ಡದು ಹೋಗಲ್ಲ’ ಹೊತ್ತುಕೊಂಡು ಹೊಸ ಮಕ್ಕಳು ಬರುತ್ತಾರೆ. ಹಾಗಾಗಿ ಇದನ್ನು ಎಲ್ಲ ಶಿಕ್ಷಕರೂ ಕೂತು ನೋಡಬೇಕು.

ಹೇಗೆ ಇಡುತ್ತೀರಿ ಎನ್ನುವುದು ಮುಖ್ಯ. ಪಿಪಿಟಿ ಬೇಡ. ಹೆಸರು ಮುಚ್ಚಿದ ಆರು ಉತ್ತರ ಹಾಳೆಗಳ ಜೆರಾಕ್ಸ್ ಮೇಜಿನ ಮೇಲೆ ಹಾಕಿ, ‘ಈ ಮಗು ಏನು ಯೋಚನೆ ಮಾಡಿರಬಹುದು?’ ಎಂದು ಕೇಳಿ. ಒಂದನೇ ತರಗತಿಯ ಟೀಚರ್‌ಗೆ ‘ನಿಮ್ಮಿಂದ ಹೀಗಾಯಿತು’ ಅನ್ನುವ ಧ್ವನಿ ಬಂದರೆ ಅಲ್ಲಿಗೆ ಮುಗಿಯಿತು, ಮುಂದಿನ ಸಭೆಗೆ ಯಾರೂ ಬಾಯಿ ಬಿಡುವುದಿಲ್ಲ. ಹಾಳೆಗಳೇ ಮಾತಾಡಲಿ. ಹತ್ತು ನಿಮಿಷದಲ್ಲಿ ಯಾರೋ ಒಬ್ಬರು ತಾವಾಗಿಯೇ ‘ನಾವೂ ಹಾಗೇ ಹೇಳ್ತೀವಲ್ಲ ಮೇಡಂ’ ಅಂದರೆ ನೀವು ಅರ್ಧ ಗೆದ್ದಿರಿ.

ಆಮೇಲೆ ಚಿಕ್ಕದೊಂದು ಒಪ್ಪಂದ ಮಾಡಿಕೊಳ್ಳಿ. ಉದಾಹರಣೆಗೆ, ಒಂದರಿಂದ ಐದನೇ ತರಗತಿವರೆಗೆ ಯಾರೂ ‘ಹೋಗಲ್ಲ’ ಎಂದು ಹೇಳಿಕೊಡುವುದಿಲ್ಲ. ‘ಪಕ್ಕದ ಮನೆಯಿಂದ ಸಾಲ ತಗೋ’ ಅನ್ನುವುದನ್ನೂ ಬಿಟ್ಟು, ಎಲ್ಲರೂ ‘ಒಂದು ಹತ್ತನ್ನು ಬಿಚ್ಚು’ ಅನ್ನುತ್ತೇವೆ. ಸಾಲ ತಗೊಂಡರೆ ವಾಪಸ್ ಕೊಡಬೇಕಲ್ವಾ ಅಂತ ಕೇಳುವ ಮಕ್ಕಳಿದ್ದಾರೆ, ಅವರ ಪ್ರಶ್ನೆ ನ್ಯಾಯವಾಗಿಯೇ ಇದೆ. ಐದು ಜನ ಶಿಕ್ಷಕರು ಒಂದು ವರ್ಷ ಒಂದೇ ಮಾತು ಹೇಳಿದರೆ ಮಗು ಪ್ರತಿ ಜೂನ್‌ನಲ್ಲೂ ಹೊಸ ಭಾಷೆ ಕಲಿಯುವುದು ತಪ್ಪುತ್ತದೆ.

ಇದನ್ನೇ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗೂ ತೆಗೆದುಕೊಂಡು ಹೋಗಬಹುದು. ಹೊಸ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆ ಎಂದು ಹೇಳಿದೆ. ಆ ಗಂಟೆಗಳಲ್ಲಿ ಸ್ವಲ್ಪವಾದರೂ ನಿಮ್ಮ ಮಕ್ಕಳ ಹಾಳೆ ನೋಡುವುದಕ್ಕೆ ಹೋಗಲಿ.

ಬರೆದಿಡಲು ಎರಡು ಪುಟ ಸಾಕು. ಏನು ಕಾಡುತ್ತಿತ್ತು, ಏನು ನೋಡಿದಿರಿ, ಏನು ಬದಲಾಯಿಸಿದಿರಿ, ಏನಾಯಿತು, ಯಾರಿಗೆ ಆಗಲಿಲ್ಲ. ‘ಆಗಲಿಲ್ಲ’ ಅನ್ನುವ ಪ್ಯಾರಾವನ್ನು ತೆಗೆದುಹಾಕಬೇಡಿ, ಪಕ್ಕದ ಶಾಲೆಯವರಿಗೆ ಹೆಚ್ಚು ಉಪಯೋಗ ಆಗುವುದು ಅದೇ. ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ) ಕ್ರಿಯಾ ಸಂಶೋಧನೆ ಅಂತ ಕೊಡಬೇಕಾದರೆ ಅವರ ನಮೂನೆಯಲ್ಲಿ ಮತ್ತೆ ಬರೆಯಬಹುದು, ಅದು ಆಮೇಲಿನ ಮಾತು.

ಎರಡನೇ ಸುತ್ತಿಗೆ ಹೊಸ ವಿಷಯ ಹುಡುಕಬೇಡಿ, ಅದೇ ವಿಷಯದ ಮುಂದಿನ ಗಂಟಿಗೆ ಕೈ ಹಾಕಿ. ಕಳೆಯುವ ಲೆಕ್ಕದಲ್ಲಾದರೆ ನಡುವೆ ಸೊನ್ನೆ ಬರುವ ಲೆಕ್ಕ. 402 − 138 ಕೊಟ್ಟು ನೋಡಿ. ಸರಿ ಉತ್ತರ 264. 336 ಬರೆದವರು ಇನ್ನೂ ದೊಡ್ಡದರಿಂದ ಚಿಕ್ಕದನ್ನೇ ಕಳೆಯುತ್ತಿದ್ದಾರೆ. 364 ಬರೆದವರು ಸೊನ್ನೆಯನ್ನು ಒಂಬತ್ತು ಮಾಡಿ, ನೂರರ ಮನೆಯಲ್ಲಿ ಕಡಿಮೆ ಮಾಡುವುದು ಮರೆತಿದ್ದಾರೆ. 234 ಬರೆದವರು ಸೊನ್ನೆಯನ್ನು ದಾಟಿ ನೂರನ್ನು ನೇರವಾಗಿ ಬಿಡಿಗೆ ತಂದು, ಹತ್ತರ ಮನೆಯಲ್ಲಿ ಮೂರರಿಂದ ಸೊನ್ನೆ ಕಳೆದಿದ್ದಾರೆ. ಈ ಮೂರಲ್ಲದ ಬೇರೆ ತಪ್ಪು ಉತ್ತರ ಯಾರಾದರೂ ಬರೆದಿದ್ದರೆ, ಆ ಮಗುವನ್ನು ಮೊದಲು ಕರೆದು ಕೂರಿಸಿಕೊಳ್ಳಿ.